ವಾರಗಿತ್ತಿ ಓದಿದ ಕೋಡ್

೬ ಫೆಬ್ರವರಿ

ಅಕ್ಕಾ,

ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದೆ, ನೀವು ತೆಗೆಯಲಿಲ್ಲ. ಭಾವನಿಗೆ ಮಾಡಿದರೆ "ಇಲ್ಲಿ ಬಿಸಿಲು ಜೋರಮ್ಮ, ಅಲ್ಲಿ ಹೇಗೆ?" ಅಂದರು. ನಿನ್ನೆ ಇವರೂ ಅವರ ಹತ್ತಿರ ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ಹೇಳಿ ಫೋನ್ ಇಟ್ಟರು. ಅಣ್ಣತಮ್ಮಂದಿರಿಬ್ಬರೂ ನಮಗೆ ಹೆದರಿ ಹವಾಮಾನ ಇಲಾಖೆ ಸೇರಿಕೊಂಡಿದ್ದಾರೆ. ಅದಕ್ಕೇ ಈ ಕಾಗದ.

ನಿಮ್ಮ ಕಂಪನಿಯ ನೋಟಿಸ್ ಬಂತು. ಆಸ್ಪತ್ರೆ ವಾರ್ಡಿನ ಅಲಾರಂಗಳನ್ನು ಸಂಭಾಳಿಸುವ ನಮ್ಮ ಸಾಫ್ಟ್‌ವೇರ್ ನಿಮ್ಮಿಂದ ಕದ್ದದ್ದಂತೆ. ಕದ್ದದ್ದು ಎಲ್ಲಿಂದ? "ಮುಖ್ಯ ಇಂಜಿನಿಯರ್ ಜೊತೆ ನಡೆದ ಕೌಟುಂಬಿಕ ಸಂಭಾಷಣೆಯಿಂದ." ಮುಖ್ಯ ಇಂಜಿನಿಯರ್ ಅಂದರೆ ನೀವು. ಕುಟುಂಬ ಅಂದರೆ ನಾನು. ಒಂದೇ ಮನೆಗೆ ಸೊಸೆಯಾಗಿ ಬಂದ ತಪ್ಪಿಗೆ ಕಳ್ಳಿ ಅನ್ನಿಸಿಕೊಂಡೆ.

ನಮ್ಮದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ನೀವೇ ನೋಡಿದ್ದೀರಿ. ಕೆಳಗೆ ಟ್ಯೂಬಿಗೆ ಗಾಳಿ ಹೊಡೆದರೆ ಮೇಲೆ ನಮ್ಮ ಮೇಜು ನಡುಗುತ್ತದೆ. ಹನ್ನೆರಡು ಜನ ನನ್ನ ಮುಖ ನೋಡಿಕೊಂಡು ಬಂದವರು. ಮೂರು ಆಸ್ಪತ್ರೆಗಳು ನಮ್ಮನ್ನು ನಂಬಿವೆ. ನಾಲ್ಕನೆಯದು ಸಹಿ ಹಾಕಬೇಕಿತ್ತು, ಸುದ್ದಿ ಕೇಳಿ "ಸ್ವಲ್ಪ ನೋಡೋಣ" ಅಂದಿತು. ಈ ಕೇಸಿನಲ್ಲಿ ಸೋತರೆ ಬಾಗಿಲು ಮುಚ್ಚುವುದೇ.

ಒಂದೇ ಒಂದು ಮಾತು ಹೇಳಿ ಸಾಕು. ಈ ನೋಟಿಸ್ ಬರುವುದು ನಿಮಗೆ ಗೊತ್ತಿತ್ತಾ?

ನಿಮ್ಮ ಮೆಣಸು


೧೫ ಫೆಬ್ರವರಿ

ಮೆಣಸು,

ಗೊತ್ತಿತ್ತು.

ನನ್ನ ಫೋನ್, ಮೇಲ್ ಎರಡನ್ನೂ ನಮ್ಮ ಕಂಪನಿಯ ವಕೀಲರು ಪ್ರತಿ ಮಾಡಿಕೊಂಡಿದ್ದಾರೆ. ಅದಕ್ಕೇ ತೆಗೆಯಲಿಲ್ಲ.

ಮಾವನ ಆಪರೇಷನ್ ಆದಾಗ ನಾವಿಬ್ಬರೂ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ಒಂದೇ ಸಮನೆ ಅಲಾರಂ. ಎಲ್ಲ ಯಂತ್ರಗಳೂ ಎಲ್ಲರನ್ನೂ ಕೂಗುತ್ತಿದ್ದವು, ನರ್ಸುಗಳು ತಲೆ ಎತ್ತುವುದನ್ನೇ ಬಿಟ್ಟಿದ್ದರು. ಆಗ ನಾನು ಹೇಳಿದೆ: "ಎಲ್ಲರನ್ನೂ ಯಾಕೆ ಕೂಗಬೇಕು? ಹತ್ತಿರ ಇರೋ ಒಬ್ಬಳನ್ನ ಮೆಲ್ಲಗೆ ಕರೆದ್ರೆ ಸಾಲದಾ? ಅವಳು ಬರದಿದ್ರೆ ಇನ್ನೊಬ್ಬಳು." ಹೇಳಿದವಳು ನಾನು. ಮರುವಾರ ಕಂಪನಿಯಲ್ಲಿ ಅದನ್ನೇ ಮಂಡಿಸಿದೆ. ಮೂವತ್ತು ಜನ ಎರಡು ವರ್ಷ ದುಡಿದೆವು. ನಮ್ಮದು ಹೊರಗೆ ಬರುವಷ್ಟರಲ್ಲಿ ನಿಮ್ಮದು ಆಸ್ಪತ್ರೆಗಳಲ್ಲಿ ನಡೆಯುತ್ತಿತ್ತು. "ಇದು ಹೇಗಾಯ್ತು?" ಅಂತ ಕಂಪನಿಯ ಯಜಮಾನರು ಕೇಳಿದಾಗ ಬೆಂಚಿನ ಮಾತು ಹೇಳಿದೆ. ಮುಚ್ಚಿಡಬಹುದಿತ್ತು. ಮುಚ್ಚಿಡುವುದು ನನಗೆ ಬರುವುದಿಲ್ಲ.

ಮನೆ ಬೇರೆ, ಕೆಲಸ ಬೇರೆ. ಮಾವನ ಕಣ್ಣಿನ ಹನಿ ಅಲ್ಲಿ ಸಿಗುತ್ತಿಲ್ಲ ಅಂದಿದ್ದೆಯಲ್ಲ, ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ.

ಅಕ್ಕ


೨೦ ಫೆಬ್ರವರಿ

ಅಕ್ಕಾ,

ಹನಿ ತಲುಪಿತು. ಮಾವ ಖುಷಿಯಾಗಿದ್ದಾರೆ. ನಾನಿಲ್ಲ.

ಆ ಬೆಂಚು ನನಗೂ ನೆನಪಿದೆ. ಬಲಗಡೆ ನೀವು, ಎಡಗಡೆ ನಾನು, ನಡುವೆ ಅತ್ತೆಯ ಚೀಲ, ಎದುರಿಗೆ ಅತ್ತೆ. "ಒಬ್ಬಳನ್ನ ಕರೀಬೇಕು" ಅಂದದ್ದು ನಾನು. ನೀವು "ಹೂಂ" ಅಂದಿರಿ. ಆ ಹೂಂ ಎರಡು ವರ್ಷದಲ್ಲಿ ಬೆಳೆದು ನಿಮ್ಮದೇ ಮಾತಾಗಿ ಹೋಯಿತು. ನಿಮ್ಮ ಕಂಪನಿಯಲ್ಲಿ ಏನು ನಡೆಯುತ್ತಿದೆ ಅಂತಲೂ ನನಗೆ ತಿಳಿದಿರಲಿಲ್ಲ. ನೀವು ಮನೆಗೆ ಬಂದಾಗ ಕೆಲಸದ ಮಾತೇ ಆಡುವುದಿಲ್ಲವಲ್ಲ.

ಸಾಕ್ಷಿ ಬೇಕೆಂದು ಅತ್ತೆಯನ್ನು ಕೇಳಿದೆ. ಅವರು ಮೂವತ್ತು ವರ್ಷ ಹೆಡ್‌ಮೇಡಂ ಆಗಿದ್ದ ಗತ್ತಿನಲ್ಲಿ ಕನ್ನಡಕ ಸರಿಮಾಡಿಕೊಂಡು, "ಅದನ್ನ ಹೇಳಿದ್ದು ನೀನೂ ಅಲ್ಲ, ಅವಳೂ ಅಲ್ಲ, ನಾನು. ತರಗತೀಲಿ 'ಎಲ್ಲರೂ ಸುಮ್ಮನಿರಿ' ಅಂದ್ರೆ ಒಬ್ಬನೂ ಸುಮ್ಮನಿರಲ್ಲ, ಹೆಸರು ಹಿಡಿದು ಕರೆದ್ರೆ ಸುಮ್ಮನಾಗ್ತಾನೆ ಅಂದೆ. ನೀವಿಬ್ಬರೂ ಹೂಂ ಅಂದ್ರಿ" ಅಂದರು. ನಿಮ್ಮ ವಕೀಲರಿಗೆ ಹೇಳಿ, ಇನ್ನೊಂದು ನೋಟಿಸ್ ಅತ್ತೆಗೂ ಕಳಿಸಲಿ.

ನಗಿಸಲು ಬರೆದದ್ದಲ್ಲ. ನನಗೆ ನಿದ್ದೆ ಬರುತ್ತಿಲ್ಲ.

ಮೆಣಸು


೧೨ ಮಾರ್ಚ್

ಮೆಣಸು,

ಎರಡೂ ಕಡೆಯವರು ಮಧ್ಯಸ್ಥರನ್ನು ಒಪ್ಪಿಕೊಂಡಿದ್ದಾರೆ. ನಿವೃತ್ತ ನ್ಯಾಯಾಧೀಶರು. ನಿಮ್ಮ ಸಾಫ್ಟ್‌ವೇರಿನ ಕೋಡನ್ನು ನಮ್ಮ ಕಡೆಯ ಒಬ್ಬರು ಮಧ್ಯಸ್ಥರ ಕಚೇರಿಯಲ್ಲಿ ಕೂತು ಪೂರ್ತಿ ಓದಿ, ಕದ್ದದ್ದು ಹೌದೋ ಅಲ್ಲವೋ ಅಂತ ವರದಿ ಕೊಡಬೇಕು. ಓದುವವಳು ನಾನು. ನಮ್ಮ ಸಂಬಂಧವನ್ನು ಮಧ್ಯಸ್ಥರಿಗೆ ನಾನೇ ಹೇಳಿದೆ. ನಿಮ್ಮ ವಕೀಲರು ಆಕ್ಷೇಪಣೆ ಇಲ್ಲ ಅಂತ ಸಹಿ ಹಾಕಿದ್ದಾರೆ.

ಓದು ಮುಗಿದು ಮಧ್ಯಸ್ಥರು ಬಿಡುಗಡೆ ಕೊಡುವ ತನಕ ನಿನ್ನ ಜೊತೆ ಮಾತಿಲ್ಲ, ಪತ್ರವಿಲ್ಲ. ನೀನು ಬರೆದರೂ ಒಡೆಯುವುದಿಲ್ಲ. ಊಟ ಬಿಡಬೇಡ.

ಅಕ್ಕ


೧೪ ಮಾರ್ಚ್

ಮಾನ್ಯ ಮುಖ್ಯ ಇಂಜಿನಿಯರ್ ಅವರಿಗೆ,

ತಾವು ಒಡೆಯುವುದಿಲ್ಲ ಎಂದು ತಿಳಿದೇ ಬರೆಯುತ್ತಿದ್ದೇನೆ.

"ಮನೆಯವರು ಬಿಡಿ, ಸ್ವಲ್ಪ ಮೆತ್ತಗಿರ್ತಾರೆ" ಅಂತ ನಮ್ಮ ವಕೀಲರು ಸಹಿ ಹಾಕಿ ಬಂದಿದ್ದಾರೆ. ಅವರಿಗೆ ತಮ್ಮ ಪರಿಚಯವಿಲ್ಲ. ನನ್ನ ಮದುವೆಯ ಮರುದಿನ ನಾನು ಮಡಿಸಿಟ್ಟ ಬಟ್ಟೆಯನ್ನೆಲ್ಲ ಬಿಚ್ಚಿ ಮತ್ತೆ ಮಡಿಸಿದವರು ತಾವು. ಪರರಾದರೂ ಓದಬಹುದಿತ್ತು. ನನ್ನ ಕುತ್ತಿಗೆಗೆ ಹಗ್ಗ ಹಾಕಲು ತಾವೇ ಮುಂದೆ ಬರಬೇಕಿತ್ತೇ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತಮಗೆ ಪ್ರತಿ ಸಾಲಿನಲ್ಲೂ ಕಳ್ಳತನ ಸಿಗಲಿ.

ಇಂತಿ,
ಸೈಕಲ್ ಅಂಗಡಿ ಮೇಲಿನ ಕಂಪನಿಯ ಮುಖ್ಯಸ್ಥೆ


೨ ಏಪ್ರಿಲ್

ಅಕ್ಕಾ,

ಸಾಫ್ಟ್‌ವೇರ್ ಪರೀಕ್ಷಿಸುವ ನಮ್ಮ ಟೆಸ್ಟರ್ ಮಹಾಶಯರು ಯಾವುದೋ ಕಾಗದ ಕೊಡಲು ಮಧ್ಯಸ್ಥರ ಕಚೇರಿಗೆ ಹೋಗಿದ್ದರು. ಗಾಜಿನ ಬಾಗಿಲಿನಿಂದ ನಿಮ್ಮನ್ನು ನೋಡಿದರಂತೆ. ಕಂಪ್ಯೂಟರ್ ಮುಂದೆ ಒಬ್ಬರೇ ಕೂತು ನಗುತ್ತಿದ್ದಿರಂತೆ. ಸಣ್ಣ ನಗುವಲ್ಲ, ಸೆರಗು ಬಾಯಿಗೆ ಒತ್ತಿಕೊಂಡು.

ಬೈಯಿರಿ, ಕಳ್ಳಿ ಅನ್ನಿ, ತಡೆದುಕೊಳ್ಳುತ್ತೇನೆ. ನಗಬೇಡಿ. ದೊಡ್ಡ ಕಂಪನಿಯವರ ಕೋಡಿನ ಹಾಗೆ ನನ್ನದು ಇಸ್ತ್ರಿ ಹಾಕಿದ್ದಲ್ಲ, ಗೊತ್ತು. ಅದನ್ನು ಬರೆಯುವಾಗ ನನ್ನ ಮಗಳು ಮೇಜಿನ ಕೆಳಗೆ ಕೂತು ನನ್ನ ಚಪ್ಪಲಿ ಜೊತೆ ಆಟವಾಡುತ್ತಿದ್ದಳು. ಅಂಥ ಮನೆಯ ಕೋಡ್ ಅದು.

ನೀವು ಅದನ್ನು ಓದಿ ಏನಂದುಕೊಳ್ಳುತ್ತೀರಿ ಅನ್ನುವುದು ನನಗೆ ಕೇಸಿಗಿಂತ ದೊಡ್ಡದಾಗಿಬಿಟ್ಟಿದೆ. ಯಾಕೆ ಅಂತ ತಿಳಿಯದು.

ಮೆಣಸು


೧೯ ಏಪ್ರಿಲ್

ಅಕ್ಕಾ,

ಮಧ್ಯಸ್ಥರ ಸಭೆಯಿಂದ ಈಗ ಮನೆಗೆ ಬಂದೆ. ಚಪ್ಪಲಿ ಕೂಡ ಬಿಟ್ಟಿಲ್ಲ.

ನೀವು ಎದ್ದು ನಿಂತು "ಈ ಕೋಡಿನಲ್ಲಿ ನಮ್ಮದು ಒಂದು ಸಾಲೂ ಇಲ್ಲ, ನಮ್ಮ ದಾರಿಯೂ ಅಲ್ಲ, ಕಳ್ಳತನ ನಡೆದಿಲ್ಲ" ಅಂದಾಗ ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ. ಇನ್ನೇನು ಅತ್ತೇಬಿಡುತ್ತಿದ್ದೆ. ಅಷ್ಟರಲ್ಲಿ "ಇನ್ನೊಂದು ವಿಷಯ ಇದೆ" ಅಂದಿರಿ.

ಮಧ್ಯಸ್ಥರು ಕೇಳಿದರು: "ವರದಿಗೆ ಸಂಬಂಧಿಸಿದ್ದೇ?"

"ಅಲ್ಲ ಸರ್. ರೋಗಿಗೆ ಸಂಬಂಧಿಸಿದ್ದು."

ಎರಡು ಕಂಪನಿಯವರು, ನಾಲ್ವರು ವಕೀಲರು, ಎಲ್ಲರ ಮುಂದೆ ಹೇಳಿದಿರಿ. ನರ್ಸ್ ಕೈ ತೊಳೆಯುವಾಗ ಬಂದ ಕರೆಯನ್ನು ನಮ್ಮ ಸಾಫ್ಟ್‌ವೇರ್ ಪಕ್ಕದವಳಿಗೆ ದಾಟಿಸುತ್ತದೆ. ಅದೇ ಗಳಿಗೆಯಲ್ಲಿ ಪಾಳಿ ಬದಲಾದರೆ ಆ ಕರೆ ಮನೆಗೆ ಹೊರಟವಳಿಗೆ ಹೋಗಬಹುದು. ಹಾಗೆ ದಾಟಿಸಿದ ಕರೆಗೆ ಗಡುವೇ ಇಟ್ಟಿಲ್ಲ, ಹಾಗಾಗಿ ಸಾಫ್ಟ್‌ವೇರ್ ಬೇರೆ ಯಾರನ್ನೂ ಕರೆಯದೆ ಸುಮ್ಮನೆ ಕಾಯುತ್ತದೆ. ರೋಗಿ ಕಾಯಲಾರ. ಇಷ್ಟು ಹೇಳಿ ಕೂತಿರಿ.

ಅಕ್ಕಾ, ಕಳ್ಳಿ ಅಲ್ಲ ಅಂದಿರಿ, ಅದೇ ಉಸಿರಿನಲ್ಲಿ ಕೊಲೆಗಾರ್ತಿ ಅಂದಿರಿ. ಕಳ್ಳತನ ಸಿಗದೇ ಹೋದಾಗ ಹುಳುಕು ಹುಡುಕಿದಿರಾ? ಆ ಕೋಣೆಯಲ್ಲಿ ಎಲ್ಲರೂ ನನ್ನನ್ನು ನೋಡಿದ ನೋಟ ಹೇಗಿತ್ತು ಅಂತ ನಿಮಗೆ ಗೊತ್ತಾಗಲಿಲ್ಲ, ನೀವು ತಲೆ ತಗ್ಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದಿರಿ. ಅದು ಸುಳ್ಳು. ನನ್ನ ಕೋಡ್ ನನಗೆ ಗೊತ್ತು.


೨೧ ಏಪ್ರಿಲ್

ಅಕ್ಕಾ,

ಅದು ಸುಳ್ಳಲ್ಲ.

ನಿನ್ನೆ ಹಗಲಿಡೀ ಆಫೀಸಿನಲ್ಲಿ ನಾವೇ ನರ್ಸುಗಳಾದೆವು. ಟೆಸ್ಟರ್ ಮಹಾಶಯರು ಬಚ್ಚಲಲ್ಲಿ ಕೈ ತೊಳೆಯುತ್ತಾ ನಿಂತರು, ಲೆಕ್ಕದ ಮೇಡಂ ರೋಗಿಯಾಗಿ ಬೆಂಚಿನ ಮೇಲೆ ಮಲಗಿದರು, ನಾನು ಪಾಳಿ ಬದಲಾಯಿಸುತ್ತಾ ಹೋದೆ. ಮೊದಮೊದಲು ಏನೂ ಆಗಲಿಲ್ಲ, ನನಗೆ ಒಳಗೊಳಗೇ ಜಂಬ. ಮಧ್ಯಾಹ್ನದ ಮೇಲೆ ಒಂದು ಸಲ ಕರೆ ಹೊರಟಿತು, ದಾಟಿತು, ಆಮೇಲೆ ಏನೂ ಇಲ್ಲ. ನರ್ಸಿಗೆ ಕರೆ ತಲುಪಿಸುವ ಸೊಂಟದ ಯಂತ್ರ ಯಾರದ್ದೂ ಅಲುಗಲಿಲ್ಲ. ಮಲಗಿದ್ದ ಮೇಡಂ ಕತ್ತು ಎತ್ತಿ "ನಾನು ಸತ್ತೆ ಅಂತ ಕಾಣುತ್ತೆ" ಅಂದರು. ಯಾರೂ ನಗಲಿಲ್ಲ. ಹೊರಟುಹೋದವಳದ್ದೆಂದು ಗೋಡೆಗೆ ನೇತುಹಾಕಿದ್ದ ಯಂತ್ರ ಒಂದೇ ಗುಂಯ್‌ಗುಟ್ಟುತ್ತಿತ್ತು.

ಆ ಭಾಗ ಬರೆದವಳು ನಾನೇ. ಬೇರೆ ಯಾರನ್ನೂ ಬೈಯಲಾಗದು.

ಮೂರೂ ಆಸ್ಪತ್ರೆಗಳಿಗೆ ನಾನೇ ಫೋನ್ ಮಾಡಿ ವಿಷಯ ಹೇಳಿದೆ. ಕೈ ತೊಳೆಯುವ ಆ ಭಾಗ ನಿಲ್ಲಿಸಿದ್ದೇವೆ, ಹಳೆಯ ಅಲಾರಂ ಗಂಟೆಗಳನ್ನು ಮತ್ತೆ ಹಾಕಿಸಿದ್ದೇವೆ. ಇದುವರೆಗೆ ಯಾರಿಗೂ ಏನೂ ಆಗಿಲ್ಲ. ಅದು ನನ್ನ ಜಾಣತನ ಅಲ್ಲ, ಅದೃಷ್ಟ.

ಮೊನ್ನೆಯ ಕಾಗದವನ್ನು ಆಗಲೇ ಅಂಚೆ ಡಬ್ಬಕ್ಕೆ ಹಾಕಿಬಿಟ್ಟೆ. ವಾಪಸ್ ತೆಗೆಯಲು ಕೈ ಹಾಕಿದರೆ ಮೊಣಕೈಗಿಂತ ಒಳಗೆ ಹೋಗಲಿಲ್ಲ. ಅದನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಮೆಣಸು


೩೦ ಏಪ್ರಿಲ್

ನನ್ನ ಮೆಣಸು,

ಇವತ್ತು ಬಿಡುಗಡೆ ಸಿಕ್ಕಿತು. ನಿನ್ನ ನಾಲ್ಕೂ ಕಾಗದ ಒಟ್ಟಿಗೆ ಒಡೆದು ತಾರೀಖಿನ ಪ್ರಕಾರ ಓದಿದೆ. ನಿಮ್ಮ ಭಾವ ಪಕ್ಕದಲ್ಲಿ ಕೂತು "ಏನು ಬರೆದಿದ್ದಾಳೆ?" ಅಂತ ಕೇಳುತ್ತಲೇ ಇದ್ದರು. "ಅಲ್ಲಿ ಗುಡುಗು ಮಳೆಯಂತೆ" ಅಂದೆ.

ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

ಓದಲು ನಾನೇ ಯಾಕೆ ಮುಂದೆ ಬಂದೆ? ನಮ್ಮ ಕಂಪನಿ ಹೊರಗಿನ ಒಬ್ಬ ತಜ್ಞನನ್ನು ಕರೆಸುವುದಿತ್ತು. ಅವನು ಯಾರು ಕೂಲಿ ಕೊಡುತ್ತಾರೋ ಅವರ ಕಣ್ಣಿನಿಂದ ಓದುವವನು. ನೀನು ಕದ್ದಿಲ್ಲದಿದ್ದರೂ ಕದ್ದೆ ಅಂತ ಬರೆಯುತ್ತಿದ್ದ. ಹಾಗಂತ ನನ್ನನ್ನು ದೇವತೆ ಮಾಡಬೇಡ. ನೀನು ಕದ್ದಿದ್ದೀಯ ಅಂತಲೇ ನಾನು ನಂಬಿದ್ದೆ. ನಿಜವಾಗಿ ಕದ್ದದ್ದಾದರೆ ಅದನ್ನು ಹೇಳುವವಳು ನಾನೇ ಆಗಬೇಕು, ಕದ್ದಿಲ್ಲದಿದ್ದರೂ ನಾನೇ, ಅಷ್ಟೇ ನನ್ನ ಲೆಕ್ಕ.

ಆ ಕೋಣೆಗೆ ಕಿಟಕಿ ಇಲ್ಲ. ಒಂದು ಕಂಪ್ಯೂಟರ್, ಅದಕ್ಕೆ ಹೊರಗಿನ ಸಂಪರ್ಕ ಇಲ್ಲ. ಬಾಗಿಲಲ್ಲಿ ಕೂತಿದ್ದ ಕಾವಲಿನವನು ನನ್ನ ಕನ್ನಡಕದ ಡಬ್ಬಿಯನ್ನೂ ತೆಗೆದು ನೋಡುತ್ತಿದ್ದ. ಕಳ್ಳಮಾಲು ಹುಡುಕಲು ಕೂತವಳು ನಾನು. ಮೊದಲ ವಾರ ಪೊಲೀಸಿನವರ ಹಾಗೆ ಓದಿದೆ. ನಮ್ಮ ಹೆಸರು, ನಮ್ಮ ಕ್ರಮ, ನಮ್ಮ ತಪ್ಪು ಎಲ್ಲಾದರೂ ಸಿಗುತ್ತದಾ ಅಂತ. ಸಿಗಲಿಲ್ಲ. ಎರಡನೇ ವಾರದಿಂದ ಹುಡುಕುವುದನ್ನು ಮರೆತೆ. ಸುಮ್ಮನೆ ಓದಿದೆ.

ನಮ್ಮ ಕೋಡಿನಲ್ಲಿ ನರ್ಸ್ ಅಂದರೆ ಒಂದು ಸಂಖ್ಯೆ. ನಿನ್ನ ಕೋಡಿನಲ್ಲಿ ಅವಳಿಗೆ ಕಾಲು ನೋಯುತ್ತದೆ. ಒಂದೇ ಪಾಳಿಯಲ್ಲಿ ಬಹಳ ನಡೆದವಳಿಗೆ ದೂರದ ಹಾಸಿಗೆಯ ಕರೆ ಕೊಡುವುದಿಲ್ಲ ನೀನು. "ಹತ್ತಿರ ಯಾರಿದ್ದಾರೆ", "ಬಂದಳಾ", "ಇನ್ನೂ ಬರಲಿಲ್ಲ" ಅಂತ ಹೆಸರಿಟ್ಟಿದ್ದೀಯ. ಮಗುವಿಗೆ ಕಥೆ ಹೇಳಿದಂತೆ ಓದಿಸಿಕೊಂಡು ಹೋಗುತ್ತದೆ.

ನಕ್ಕದ್ದು ಹೌದು. ಯಾಕೆ ಅಂತ ಕೇಳು. ಕೈ ತೊಳೆಯುವ ಭಾಗದ ಮೇಲೆ ನೀನು ಟಿಪ್ಪಣಿ ಬರೆದಿದ್ದೀಯ: "ಎರಡೂ ಕೈ ಸೋಪಿನಲ್ಲಿದೆ, ಮೂರನೆಯದನ್ನು ದೇವರು ಕೊಟ್ಟಿಲ್ಲ. ತಾಳು." ನಾವು ಮೂವತ್ತು ಜನ, ಎರಡು ವರ್ಷ, ದೊಡ್ಡ ದೊಡ್ಡ ಬೋರ್ಡಿನ ಮೇಲೆ ಚಿತ್ರ ಬರೆದವರು. ನರ್ಸ್ ಕೈ ತೊಳೆಯುತ್ತಾಳೆ ಅನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ. ಆ ನಗು ನಿನ್ನ ಮೇಲಲ್ಲ ಕಣೇ, ನಮ್ಮ ಮೇಲೆ.

ಅದರ ಮರುದಿನ ಇನ್ನೊಂದು ಟಿಪ್ಪಣಿಗೆ ಬಂದೆ. "ಇವಳ ರೋಗಿ ಈಗಷ್ಟೇ ತೀರಿಕೊಂಡಿದ್ದಾರೆ. ಸಣ್ಣಪುಟ್ಟ ಕರೆ ಸ್ವಲ್ಪ ಹೊತ್ತು ಬೇರೆಯವರಿಗೆ ಕೊಡು." ಆ ದಿನ ಮತ್ತೆ ಓದಲಾಗಲಿಲ್ಲ. ಎದ್ದು ಹೊರಗೆ ಹೋದೆ. ಕಾವಲಿನವನು "ಏನಮ್ಮ, ಕಣ್ಣು ಉರೀತಿದೆಯಾ?" ಅಂದ. ಹೌದು ಅಂದೆ.

ಬೆಂಚಿನ ಮೇಲೆ ಆ ಮಾತು ಯಾರು ಆಡಿದರೋ, ಈಗ ನನಗೂ ಖಾತ್ರಿ ಇಲ್ಲ. ಅತ್ತೆಯೇ ಇಟ್ಟುಕೊಳ್ಳಲಿ. ಆ ಮಾತು ಇಟ್ಟುಕೊಂಡು ನಾವು ಒಂದು ಯಂತ್ರ ಮಾಡಿದೆವು, ನೀನು ನರ್ಸಿಗೊಬ್ಬ ಜೊತೆಗಾತಿಯನ್ನು ಮಾಡಿದೆ. ನಾನು ಇಷ್ಟು ವರ್ಷದಲ್ಲಿ ಓದಿದ ಕೋಡಿನಲ್ಲಿ ಅಷ್ಟು ಕನಿಕರ ಬೇರೆ ಎಲ್ಲೂ ನೋಡಿಲ್ಲ.

ಅಂಥ ಕೋಡಿನಲ್ಲಿ ಆ ತೂತು ಕಂಡಾಗ ಅದೇ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಓದಿದ್ದನ್ನು ಹೊರಗೆ ಹೇಳಬಾರದು ಅಂತ ಪ್ರಮಾಣ ಮಾಡಿದ್ದೇನೆ. ನಿನಗೆ ಗುಟ್ಟಾಗಿ ಹೇಳಿದ್ದರೆ ವರದಿಯನ್ನು ಯಾರೂ ನಂಬುತ್ತಿರಲಿಲ್ಲ, ನೀನು ಕಳ್ಳಿಯಾಗಿಯೇ ಉಳಿಯುತ್ತಿದ್ದೆ. ನಮ್ಮವರಿಗೆ ಗುಟ್ಟಾಗಿ ಹೇಳಿದ್ದರೆ ಅದು ನಿನ್ನ ಗಿರಾಕಿಗಳನ್ನು ಕೀಳುವ ಸನಿಕೆ ಆಗುತ್ತಿತ್ತು. ಮಧ್ಯಸ್ಥರ ಎದುರು ಎಲ್ಲರ ಕಿವಿಗೂ ಒಂದೇ ಸಲ ಬೀಳುವಂತೆ ಹೇಳುವುದೊಂದೇ ದಾರಿ ಕಂಡಿತು. ಅದರಿಂದ ನಿನಗೆ ಎಷ್ಟು ನೋವಾಗುತ್ತದೆ ಅಂತ ಗೊತ್ತಿತ್ತು. ಕನ್ನಡಕ ಒರೆಸಿದ್ದು ಕೊಳೆಯಾಗಿತ್ತು ಅಂತಲ್ಲ.

ಸಭೆಯಿಂದ ಹೊರಗೆ ಬಂದ ಮೇಲೆ ಕಂಪನಿಯ ಯಜಮಾನರು "ಅದನ್ನ ಮೊದಲು ನನಗೆ ಹೇಳಬಹುದಿತ್ತಲ್ಲ?" ಅಂದರು. "ಹೇಳಿದ್ರೆ ನೀವೇನು ಮಾಡ್ತಿದ್ರಿ?" ಅಂತ ಕೇಳಿದೆ. ಅವರು "ಅದಕ್ಕೇ ಹೇಳಲಿಲ್ಲ ಅಲ್ವಾ ನೀವು" ಅಂದರು. ಕೆಟ್ಟವರಲ್ಲ. ಆದರೆ ಮರುದಿನದಿಂದ ನನ್ನನ್ನು ಯಾವ ಸಭೆಗೂ ಕರೆಯಲಿಲ್ಲ. ನಾನೇ ರಾಜೀನಾಮೆ ಕೊಟ್ಟೆ.

ಅಕ್ಕ


೧೧ ಮೇ

ಅಕ್ಕಾ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಬೇಕೆಂದು ನಿಂತೆ. ಕಾಲು ನೋಯುವ ನರ್ಸಿನ ತನಕ ಬಂದು ಕಾಗದವನ್ನು ಪಕ್ಕಕ್ಕೆ ದಾಟಿಸಿದೆ, ಉಳಿದದ್ದನ್ನು ಟೆಸ್ಟರ್ ಮಹಾಶಯರು ಓದಿದರು. ಅವರೂ ಪೂರ್ತಿ ಮಾಡಲಿಲ್ಲ. ಕೊನೆಗೆ ಲೆಕ್ಕದ ಮೇಡಂ ಮುಗಿಸಿದರು.

ನನ್ನ ಜೊತೆ ಕೆಲಸ ಮಾಡುವವರು ಕೂಡ ಅವರವರ ಭಾಗವನ್ನಷ್ಟೇ ಓದಿದ್ದಾರೆ. ಗಂಡ ಒಂದು ಸಾಲೂ ಓದಿಲ್ಲ, ಅವರಿಗೆ ಹವಾಮಾನವೇ ಸಾಕು. ಮೊದಲಿನಿಂದ ಕೊನೆತನಕ ನನ್ನನ್ನು ಓದಿದವರು ನೀವೊಬ್ಬರೇ, ಅದೂ ನನ್ನನ್ನು ಸೋಲಿಸಲು ಬಂದವರು. ನೀವು ಹೇಳುವ ತನಕ ಅದರಲ್ಲಿ ಕನಿಕರ ಇದೆ ಅಂತ ನನಗೇ ಗೊತ್ತಿರಲಿಲ್ಲ. ಕೆಲಸ ನಡೆಯಲಿ ಅಂತ ಬರೆದಿದ್ದೆ, ಅಷ್ಟೇ.

ನಿಮ್ಮ ಕಂಪನಿ ಕೇಸ್ ವಾಪಸ್ ತೆಗೆದುಕೊಂಡಿತು. ತೂತು ಮುಚ್ಚಿದ್ದೇವೆ. ಒಂದು ಆಸ್ಪತ್ರೆ ನಮ್ಮನ್ನು ಬಿಟ್ಟಿತು, ಬೇಸರವಿಲ್ಲ, ಬಿಡುವುದು ಅವರ ಹಕ್ಕು. ಇನ್ನೆರಡು ಉಳಿದುಕೊಂಡವು. "ತಪ್ಪು ಹೇಳಿ ಫೋನ್ ಮಾಡಿದ ಮೊದಲ ಕಂಪನಿ ನೀವು" ಅಂತ ಒಂದರ ಮುಖ್ಯ ನರ್ಸ್ ಅಂದರು. ಆ ಮಾತು ನನಗಲ್ಲ, ನಿಮಗೆ ಸೇರಬೇಕಾದದ್ದು. ನಾಲ್ಕನೆಯದು ಇನ್ನೂ ನೋಡುತ್ತಲೇ ಇದೆ.

ಈಗ ಕೇಳಬೇಕಾದದ್ದು ಕೇಳುತ್ತೇನೆ. ಇಲ್ಲಿಗೆ ಬನ್ನಿ. ಪಾಲುದಾರರಾಗಿ, ಸರಿಸಮ ಪಾಲು. ಕಿಟಕಿ ಪಕ್ಕದ ಮೇಜು ಖಾಲಿ ಮಾಡಿಸಿದ್ದೇನೆ. ನಿಮ್ಮನ್ನು ವಾರಗಿತ್ತಿ ಅಂತ ಕರೆಯುತ್ತಿಲ್ಲ, ನನಗಿಂತ ಚೆನ್ನಾಗಿ ಓದಬಲ್ಲವರು ಅಂತ ಕರೆಯುತ್ತಿದ್ದೇನೆ. ನನ್ನ ಬಟ್ಟೆ, ನನ್ನ ಕೋಡ್ ಎರಡನ್ನೂ ಬಿಚ್ಚಿ ಮಡಿಸಿ, ಬಾಯಿ ಬಿಡುವುದಿಲ್ಲ.

ನಿಮ್ಮ ಮೆಣಸು


೩ ಜೂನ್

ಮೆಣಸು,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರುತ್ತೇನೆ ಅಂತ ಎರಡು ಸಲ ಬರೆದು ಹರಿದೆ. ನಿಮ್ಮ ಭಾವ ಅಷ್ಟರಲ್ಲೇ ಟ್ರಂಕ್ ಕೆಳಗೆ ಇಳಿಸಿ ಧೂಳು ಹೊಡೆದಿದ್ದರು.

ನಾನು ಬರುವುದಿಲ್ಲ.

ಕದ್ದಿಲ್ಲ ಅಂತ ಹೇಳಿದವಳೇ ನಾಳೆ ನಿನ್ನ ಪಾಲುದಾರಳಾದರೆ, ಆ ಮಾತಿಗೆ ಕೂಲಿ ಸಿಕ್ಕಿತು ಅನ್ನುತ್ತದೆ ಜನ. ನನಗೆ ಏನಂದರೂ ಅನ್ನಲಿ, ನಿನ್ನ ಕೋಡಿನ ಮೇಲೆ ಆ ಮಸಿ ಬೀಳಬಾರದು. ಇನ್ನೊಂದು ಕಾರಣ. ನಾವು ಅಕ್ಕಪಕ್ಕ ಕೂತರೆ ನಿನ್ನ ತಪ್ಪು ನನಗೆ ಮುದ್ದಾಗಿ ಕಾಣತೊಡಗುತ್ತದೆ. ಆ ತೂತು ನನ್ನ ಕಣ್ಣಿಗೆ ಬಿದ್ದದ್ದು ನಾನು ಎದುರು ಕೂತಿದ್ದಕ್ಕೆ.

ಓದುವ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕಿದ್ದೆ, ನಿನಗೆ ಹೇಳಿರಲಿಲ್ಲ. ನಿನ್ನ ಕೋಡ್ ನೋಡಿದವಳು ಎರಡು ವರ್ಷ ಅಲಾರಂ ಕೆಲಸವನ್ನೇ ಮುಟ್ಟುವಂತಿಲ್ಲ. ಅಯ್ಯೋ ಅನ್ನಬೇಡ. ಸರಿಯಾದ ಷರತ್ತೇ. ಈಗ ಬಸ್ ಡಿಪೋ ಒಂದಕ್ಕೆ ಡ್ರೈವರುಗಳ ಪಾಳಿ ಹೊಂದಿಸುವ ಸಾಫ್ಟ್‌ವೇರ್ ಬರೆಯುವ ಕೆಲಸ ಹಿಡಿದಿದ್ದೇನೆ. ಮೊದಲ ದಿನವೇ ಡಿಪೋಗೆ ಹೋಗಿ ಅವರು ಏನೇನು ಮಾಡುತ್ತಾರೆ ಅಂತ ನೋಡುತ್ತಾ ನಿಂತೆ. ಮೊದಲಾಗಿದ್ದರೆ ಹೋಗುತ್ತಿರಲಿಲ್ಲ, ಕೂತಲ್ಲೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಇದು ನಿನ್ನಿಂದ ಕಲಿತದ್ದು. ಬೇಕಿದ್ದರೆ ನೋಟಿಸ್ ಕಳಿಸು.

ಎರಡು ವರ್ಷ ಕಳೆದ ಮೇಲೆ ಆಸ್ಪತ್ರೆ ಕೆಲಸಕ್ಕೆ ವಾಪಸ್ ಬರುತ್ತೇನೆ. ನಿನ್ನ ಎದುರಾಳಿಯಾಗಿಯೇ ಬರುತ್ತೇನೆ. ಆಮೇಲೆ ನನ್ನ ಕೋಡನ್ನು ನೀನು ಓದು, ತೂತು ಸಿಕ್ಕರೆ ಎಲ್ಲರ ಎದುರು ಎದ್ದು ನಿಂತು ಹೇಳು. ಮುಲಾಜು ನೋಡಬೇಡ.

ಅಲ್ಲಿಯ ತನಕ ಮೈಮರೆತು ಕೂರಬೇಡ, ಮೆಣಸು. ನಿನ್ನನ್ನು ಸುಲಭವಾಗಿ ಸೋಲಿಸಲು ನನಗೆ ಇಷ್ಟವಿಲ್ಲ.

ಅಕ್ಕ